ಕೆಸರಿಗೆ ಹದಿನಾರು, ಡಾಂಬರಿಗೆ ಇಪ್ಪತ್ತೆಂಟು

ಭಾವನವರ ಬಲಗೈ ಹೆಬ್ಬೆರಳಿನ ಉಗುರು ಎಮ್ಮೆಯ ಕೊಂಬಿನಂತೆ ಕಪ್ಪಾಗಿ, ದಪ್ಪವಾಗಿ, ತುದಿಯಲ್ಲಿ ಬಾಗಿತ್ತು. ಎಂದೋ ಜ್ಯಾಕ್ ಜಾರಿ ಜೀಪಿನ ಭಾರ ಆ ಬೆರಳಿನ ಮೇಲೆ ಬಿದ್ದಿತ್ತಂತೆ. ಆ ಹೆಬ್ಬೆರಳಿನಿಂದಲೇ ಅವರು ಟೈರಿನ ಪಕ್ಕೆಯನ್ನು ಒತ್ತಿ ನೋಡುತ್ತಿದ್ದರು, ಹಾಲು ಹಿಂಡುವ ಮೊದಲು ನಾವು ಎಮ್ಮೆಯ ಕೆಚ್ಚಲು ಒತ್ತಿ ನೋಡುವ ಹಾಗೆ. ಒತ್ತಿ, ಸ್ವಲ್ಪ ಹೊತ್ತು ತಲೆ ಓರೆ ಮಾಡಿ ನಿಂತು, ಆಮೇಲೆ ಮೋಡ ನೋಡುತ್ತಿದ್ದರು.

ಮಕ್ಕಳೇ, ನೀವು ದೊಡ್ಡಜ್ಜ ಎಂದು ಕರೆಯುತ್ತಿದ್ದವರ ಮಾತು ಇದು. ನಿಮ್ಮಜ್ಜನ ಅಣ್ಣ, ನನಗೆ ಭಾವ. ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ನಾಲ್ಕು ಜನರ ಮುಂದೆ ಕುಳಿತು ಹೇಳು ಎಂದರೆ ನನ್ನ ಬಾಯಿ ಒಣಗುತ್ತದೆ, ಬರೆಯುವುದಾದರೆ ಸ್ವಲ್ಪ ಆಗುತ್ತದೆ. ಮೊನ್ನೆ ನಿಮ್ಮಲ್ಲಿ ದೊಡ್ಡವಳು ಊಟಕ್ಕೆ ಕುಳಿತಾಗ, "ಅಪ್ಪಾ, ಹೊಲದಾಗಿನ ಜೀಪ್ ನೀ ಯಾಕ ಹತ್ತೂದಿಲ್ಲ?" ಎಂದು ಕೇಳಿದಳು. ನಿಮ್ಮಪ್ಪ ಅರ್ಧ ಊಟ ಬಿಟ್ಟು ಹೊರಗೆ ಹೋದ. ಅವನನ್ನು ಇನ್ನೊಮ್ಮೆ ಕೇಳಬೇಡಿ. ನಾನೇ ಹೇಳುತ್ತೇನೆ.

ಆಗ ನಾವು ಈ ಗುಡಗೇರಿಯ ಮನೆಯಲ್ಲಿ ಇರಲಿಲ್ಲ. ಮೊರಬದ ಆಚೆ, ಹೊಲದಲ್ಲೇ ಮನೆ ಕಟ್ಟಿಕೊಂಡು, ಎಮ್ಮೆಗಳ ಜೊತೆ ಇದ್ದೆವು. ಅಣ್ಣ, ತಮ್ಮ ಮತ್ತು ನಾನು. ನಿಮ್ಮಪ್ಪ ಶಾಲೆಯ ಮಾಸ್ತರ, ನಿಮ್ಮವ್ವನ ಜೊತೆ ಬೇರೆ ಮನೆ ಮಾಡಿದ್ದ. ಭಾವನವರ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಮನೆಯಿಂದ ಡಾಂಬರು ರಸ್ತೆಗೆ ಎರಡು ಮೈಲಿ ಹೊಲದ ಹಾದಿ, ಎಲ್ಲವೂ ಎರೆ ಮಣ್ಣು. ಬೇಸಿಗೆಯಲ್ಲಿ ಆ ನೆಲ ಕಾಲು ಸಿಕ್ಕಿಬೀಳುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಚಪ್ಪಲಿ ಕಿತ್ತುಕೊಳ್ಳುತ್ತದೆ, ಮತ್ತೆ ಕೊಡುವುದಿಲ್ಲ. "ಎರಿ ಮಣ್ಣು ಮಳಿ ಕುಡಿಯೂತನಕ ತಾಯಿ, ಕುಡದ ಮ್ಯಾಲ ಮಾರಿ" ಎಂದು ಭಾವನವರು ಹೇಳುತ್ತಿದ್ದರು. ಹಾದಿಯ ನಡುವೆ ಹಳ್ಳದ ಬದಿಗೆ ಒಂದು ತಗ್ಗು ಇದೆ, ಕೋಣನ ತಗ್ಗು ಎನ್ನುತ್ತಾರೆ. ಯಾವ ಕಾಲದಲ್ಲೋ ಒಂದು ಕೋಣ ಅಲ್ಲಿ ಹೂತುಹೋಯಿತಂತೆ. ಹಗ್ಗ ಕಟ್ಟಿ ಎಳೆದವರಿಗೆ ಹಗ್ಗ ಮಾತ್ರ ಬಂತಂತೆ. ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಕೇಳಿ ನಕ್ಕಿದ್ದೆ.

ನಿಮ್ಮಜ್ಜನ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿವೆ ಎಂದು ಧಾರವಾಡದ ದವಾಖಾನೆಯಲ್ಲಿ ಹೇಳಿದ ಮೇಲೆ ನಗು ಬರಲಿಲ್ಲ. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಯಂತ್ರಕ್ಕೆ ಹಾಕಿ ರಕ್ತ ತೊಳೆಯಬೇಕು. ಒಂದು ಸಲ ತಪ್ಪಿದರೆ ಮೈಯಲ್ಲಿ ನೀರು ಏರುತ್ತದೆ, ವಿಷ ಏರುತ್ತದೆ. ಎರಡು ಸಲ ತಪ್ಪಿದರೆ ಏನಾಗುತ್ತದೆ ಎಂದು ನಾನು ಕೇಳಿದೆ. ಡಾಕ್ಟರು ಚೀಟಿಯ ಮೇಲೆ ಆ ಎರಡು ವಾರಗಳ ಹೆಸರು ಬರೆದು, ಕೆಳಗೆ ಗೆರೆ ಎಳೆದು ಕೊಟ್ಟರು.

ಮಳೆಗಾಲದಲ್ಲಾದರೂ ಪಟ್ಟಣದಲ್ಲಿ ಖೋಲಿ ಹಿಡಿದು ಇರೋಣ ಎಂದೆವು. ನಿಮ್ಮಜ್ಜ ಜಗ್ಗಲಿಲ್ಲ. "ಎಮ್ಮಿ ಬಿಟ್ಟು ನಾ ಅಲ್ಲಿ ಗ್ವಾಡಿ ನೋಡ್ಕೋತ ಕುಂಡ್ರಲೇನು? ಅಣ್ಣ ಅದಾನ, ಜೀಪ್ ಐತಿ" ಎಂದು ಮಾತು ಮುಗಿಸಿದರು. ಟ್ರ್ಯಾಕ್ಟರಿನ ಕುಲುಕಾಟ ಅವರ ಮೈಗೆ ಆಗುತ್ತಿರಲಿಲ್ಲ. ಮುಂಗಾರು ಒಂದು ತಿಂಗಳು ದೂರ ಇತ್ತು. ಅವರ ಜೀವ ಆ ಎರಡು ಮೈಲಿಯ ಮೇಲೆ ನಿಂತಿತ್ತು, ಎರಡು ಮೈಲಿ ಆ ಜೀಪಿನ ಮೇಲೆ.

ಭಾವನವರು ಕಾಲುವೆ ಕಚೇರಿಯಲ್ಲಿ ಜೀಪು ಓಡಿಸಿ ನಿವೃತ್ತರಾದವರು. ಲಿಲಾವಿನಲ್ಲಿ ಸವಾಲು ಕೂಗಿ ಒಂದು ಹಳೆಯ ಜೀಪು ಹಿಡಿದಿದ್ದರು. ಅದರ ಟೈರುಗಳು ಸವೆದು ಬೋಳಾಗಿದ್ದವು. ಕಚೇರಿಯಲ್ಲಿದ್ದಾಗ ಅಲ್ಲಿಯವರು ಕೊಟ್ಟ ಟೈರಿನ ಮೇಲೆ ಓಡಿಸಿದವರು, ಸ್ವಂತಕ್ಕೆ ಟೈರು ಆರಿಸಿದ್ದು ಅದೇ ಮೊದಲು. ಹುಬ್ಬಳ್ಳಿಗೆ ಹೋಗಿ, ನೋಡಿದರೆ ಎದೆ ಉಬ್ಬುವಂಥ ಅಗಲವಾದ ಟೈರುಗಳನ್ನು ರಿಮ್ ಸಹಿತ ತಂದರು. ಅಗಲವಿದ್ದಷ್ಟೂ ಕೆಸರಿನ ಮೇಲೆ ತೇಲುತ್ತದೆ ಎಂದು ಅವರ ಲೆಕ್ಕ. ಮೊದಲ ಮಳೆ ಬಿದ್ದ ಮರುದಿನ ತಮ್ಮನ ಜಾಗದಲ್ಲಿ ಒಂದು ಜೋಳದ ಚೀಲ ಕೂರಿಸಿ, ಹಗ್ಗದಿಂದ ಸೀಟಿಗೆ ಬಿಗಿದು, ಒಬ್ಬರೇ ಹೊರಟರು. ಆ ಚೀಲ ತಲೆ ಒಲೆದಾಡಿಸುತ್ತ ಹೋದದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ನೋಡಬಾರದಿತ್ತು ಅನಿಸಿತು.

ಮಧ್ಯಾಹ್ನ ಅವರು ನಡೆದುಕೊಂಡು ಬಂದರು, ಸೊಂಟದವರೆಗೆ ಕೆಸರು. ಅಗಲದ ಟೈರು ಮಣ್ಣನ್ನು ಬಾಚಿಕೊಂಡು ಬಾಚಿಕೊಂಡು ಮೇಲಿನ ಮಡ್‌ಗಾರ್ಡಿಗೆ ತುಂಬಿತ್ತು. ಗಾಲಿಗಳು ತಿರುಗದೆ ನಿಂತುಬಿಟ್ಟಿದ್ದವು. ಕುಡಗೋಲಿನಿಂದ ಕೆತ್ತಿ ಕೆತ್ತಿ ಸಾಕಾಗಿ ಬಿಟ್ಟು ಬಂದಿದ್ದರು.

"ಏನಾತೋ ಅಣ್ಣಾ?" ಎಂದು ನಿಮ್ಮಜ್ಜ ಕಟ್ಟೆಯ ಮೇಲೆ ಮಲಗಿದ್ದಲ್ಲಿಂದಲೇ ಕೇಳಿದರು.

"ಏನಾಗೂದು? ಟ್ರ್ಯಾಕ್ಟರ್ ನೋಡಿ ಜೀಪಿಗೆ ಟೈರ್ ತಂದ್ನಿ. ಎತ್ತ ನೋಡಿ ಆಡಿಗೆ ಮೂಗದಾಣ ಹಾಕಿದಂಗ ಆತು."

"ಮತ್ತ ಜ್ವಾಳದ ಚೀಲ?"

"ಅದು ಅಲ್ಲೇ ಕುಂತೈತಿ. ನೀನಾಗಿದ್ರ ಇಷ್ಟೊತ್ತಿಗೆ ಬೈತಿದ್ದಿ, ಅದು ಸುಮ್ಮನ ಕುಂತೈತಿ."

ಇಬ್ಬರೂ ನಕ್ಕರು. ನಾನು ಒಳಗೆ ಹೋದೆ. ಅಂದು ಮಂಗಳವಾರ ಆಗಿರಲಿಲ್ಲ, ಶುಕ್ರವಾರವೂ ಆಗಿರಲಿಲ್ಲ. ಅದೊಂದು ಪುಣ್ಯ.

ಆಮೇಲೆ ಅವರು ಹಳೆಯ ಕಾಲದ ಸಣ್ಣ ಟೈರು ಹುಡುಕಿ ತಂದರು. ಆರು-ಹದಿನಾರು ಎಂದು ಅದಕ್ಕೆ ಹೆಸರು. ಅಗಲ ಆರು ಅಂಗುಲ, ಒಳಗಿನ ರಿಮ್ ಹದಿನಾರು ಅಂಗುಲ, ಮೈಮೇಲೆ ದಪ್ಪ ದಪ್ಪ ಹಲ್ಲು. ನಮ್ಮ ಹಾದಿ ಹಿಂದಿನವರ ಚಕ್ಕಡಿ ಹಾದಿ. ಕೆಸರಿನ ಕೆಳಗೆ ಮೊಳದಾಳದಲ್ಲಿ ಗರಸು ಕುಳಿತು ಗಟ್ಟಿಯಾಗಿದೆ. ಸಣ್ಣ ಟೈರು ಕೆಸರನ್ನು ಸೀಳಿ ಆ ಗಟ್ಟಿ ತಳ ಮುಟ್ಟುತ್ತದೆ. ಕೋಣನ ತಗ್ಗಿನಲ್ಲಿ ಮಾತ್ರ ತಳವಿಲ್ಲ. ಅಲ್ಲಿ ದಾಟಬೇಕಾದರೆ ಗಾಳಿ ಇಳಿಸಿ, ಟೈರು ನೆಲದ ಮೇಲೆ ಉದ್ದಕ್ಕೆ ಹರವಿಕೊಳ್ಳುವಂತೆ ಮಾಡಬೇಕು. ಡಾಂಬರಿಗೆ ಇಪ್ಪತ್ತೆಂಟು ಪೌಂಡು ಗಾಳಿ, ಕೆಸರಿಗೆ ಹದಿನಾರು. ಹನ್ನೆರಡಕ್ಕಿಂತ ಕೆಳಗೆ ಬಂದರೆ ಟೈರು ರಿಮ್ಮಿನ ಮೇಲೆ ಜಾರುತ್ತದೆ, ಒಳಗಿನ ಟ್ಯೂಬನ್ನೂ ಎಳೆದುಕೊಂಡು ಗಾಳಿಯ ವಾಲ್ ಹರಿದುಬಿಡುತ್ತದೆ. ಇನ್ನು ಕೆಸರಿನ ಗಾಳಿಯಲ್ಲೇ ಡಾಂಬರಿಗೆ ಹತ್ತಿ ಜೋರಾಗಿ ಓಡಿಸಿದರೆ, ತಿರುವಿನಲ್ಲಿ ಟೈರು ಕಳಚಿ ಜೀಪು ಮಗುಚುತ್ತದೆ. ಕಾಲುವೆಯ ಏರಿಯ ಮೇಲೆ ಜೊತೆಯ ಡ್ರೈವರ್ ಒಬ್ಬ ಹಾಗೆ ಹೋದದ್ದನ್ನು ಭಾವನವರು ಕಣ್ಣಾರೆ ನೋಡಿದ್ದರಂತೆ. "ಗಾಳಿ ಕಣ್ಣಿಗೆ ಕಾಣೂದಿಲ್ಲ. ಕಾಣದ್ದರ ಮ್ಯಾಲ ಭರೋಸಾ ಇಡಬಾರದು" ಎನ್ನುತ್ತಿದ್ದರು. ಪ್ರತಿ ಗಾಲಿಗೂ ಟೈರಿನಿಂದ ರಿಮ್ಮಿನವರೆಗೆ ಸುಣ್ಣದಿಂದ ಒಂದು ಗೆರೆ ಎಳೆಯುತ್ತಿದ್ದರು. ಗೆರೆ ಮುರಿದರೆ ಟೈರು ಜಾರಿದೆ ಎಂದು ಅರ್ಥ. ಆ ಸುಣ್ಣ ನಿಮ್ಮಜ್ಜನ ಎಲೆ-ಅಡಿಕೆ ಡಬ್ಬಿಯದು. ಈ ವಿಷಯಕ್ಕೆ ಅಣ್ಣ-ತಮ್ಮಂದಿರ ಜಗಳ ಬೇರೆ.

ಭಾವನವರ ಒಂದು ಕಣ್ಣಿಗೆ ಪೊರೆ ಬಂದಿತ್ತು. ಹಾದಿ ಕಾಣುತ್ತಿತ್ತು, ಗಾಳಿ ಮೀಟರಿನ ಸಣ್ಣ ಅಂಕಿಗಳು ಮೋಡದ ಬೆಳಕಿನಲ್ಲಿ ಕಾಣುತ್ತಿರಲಿಲ್ಲ. ನಿಮ್ಮಜ್ಜ ಬಗ್ಗುವಂತಿರಲಿಲ್ಲ. ಹೀಗಾಗಿ ಮೀಟರು ನನ್ನ ಕೈಗೆ ಬಂತು.

ಇಲ್ಲಿ ನಿಮಗೊಂದು ಮಾತು ಬಿಡಿಸಿ ಹೇಳಬೇಕು, ಇಲ್ಲವಾದರೆ ನಗುತ್ತೀರಿ. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಜೊತೆ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ಸೆರಗು ತಲೆಯ ಮೇಲೆ, ಕಣ್ಣು ನೆಲದ ಮೇಲೆ. ಹೇಳುವುದಿದ್ದರೆ ಗಂಡನಿಗೋ ಅತ್ತೆಗೋ ಹೇಳಬೇಕು, ಅವರು ದಾಟಿಸಬೇಕು. ಮದುವೆಯಾದಾಗಿನಿಂದ ಒಂದೇ ಸೂರಿನ ಕೆಳಗಿದ್ದೂ ನಾನು ಭಾವನವರಿಗೆ ಒಂದು ಮಾತು ಆಡಿದವಳಲ್ಲ, ಅವರೂ ನನಗೆ ಆಡಿದವರಲ್ಲ. ಅದರಲ್ಲಿ ಸಿಟ್ಟಿರಲಿಲ್ಲ, ಮರ್ಯಾದೆ ಇತ್ತು. ನಾನು ಮೊದಲೇ ನಾಚಿಕೆಯವಳು, ನನಗೆ ಅದು ಭಾರವೂ ಆಗಿರಲಿಲ್ಲ.

ಹೀಗೆ ನಮ್ಮ ಗಾಳಿಯ ಕೆಲಸ ನಡೆಯುತ್ತಿತ್ತು. ಭಾವನವರು ಜಾಲಿ ಮುಳ್ಳಿನಿಂದ ವಾಲಿನ ಪಿನ್ನು ಒತ್ತಿ ಗಾಳಿ ಬಿಟ್ಟು ಮುಂದಿನ ಗಾಲಿಗೆ ಹೋಗುತ್ತಿದ್ದರು. ನಾನು ಹಿಂದೆ ಹೋಗಿ ಮೀಟರು ಹಚ್ಚಿ ಸೀಟಿನಲ್ಲಿದ್ದ ನಿಮ್ಮಜ್ಜನಿಗೆ ಮೆಲ್ಲಗೆ ಹೇಳುತ್ತಿದ್ದೆ. ಅವರು ದೊಡ್ಡ ದನಿಯಲ್ಲಿ, "ಹದಿನಾರಂತೋ ಅಣ್ಣಾ!" ಎನ್ನುತ್ತಿದ್ದರು. ನಡುನಡುವೆ, "ನಾ ಪೇಶಂಟೋ, ಟೆಲಿಫೋನ್ ಕಂಬೋ?" ಎಂದು ಗೊಣಗುತ್ತಿದ್ದರು.

ಆ ವರ್ಷ ಶ್ರಾವಣದಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಹಳ್ಳ ಹಾದಿಯ ಮೇಲೆ ಬಂತು, ಮಂಗಳವಾರ ತಪ್ಪಿತು. ಬುಧವಾರ ನಿಮ್ಮಜ್ಜನ ಕಾಲು ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯಿತು. ಗುರುವಾರ ಮುಖ ಊದಿ ಕಣ್ಣು ಸಣ್ಣಗಾದವು, ಮಲಗಿದರೆ ಉಸಿರು ಸಿಕ್ಕದೆ ಗೋಡೆಗೆ ಒರಗಿ ಕುಳಿತರು. ಶುಕ್ರವಾರ ಬೆಳಿಗ್ಗೆ, "ಎತ್ತು ಬಂದುವೇನ?" ಎಂದು ಕೇಳಿದರು. ಎತ್ತುಗಳನ್ನು ಮಾರಿ ಎಷ್ಟೋ ವರ್ಷಗಳಾಗಿದ್ದವು.

ಭಾವನವರು ಹಳ್ಳ ನೋಡಿ ಬಂದು, "ನೀರು ಇಳದೈತಿ. ಕೆಸರ ಇಳದಿಲ್ಲ. ಇವತ್ತ ಹೋಗೂಣು" ಎಂದು ಬಾಗಿಲಿಗೆ ಹೇಳಿದರು. ಬಾಗಿಲಿಗೆ ಹೇಳಿದರೆ ನನಗೆ ಹೇಳಿದಂತೆ.

ಎಮ್ಮೆಗಳು ಮೇವು ಮುಟ್ಟದೆ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಮಳೆ ನಿಂತಿರಲಿಲ್ಲ, ಜೋರಾಗಿಯೂ ಇರಲಿಲ್ಲ, ಏನನ್ನೋ ಕಾಯುತ್ತಿರುವಂತೆ ಸುರಿಯುತ್ತಿತ್ತು. ಗಾಳಿ ಇಳಿಸಿದೆವು. ಮುಂದಿನ ಎರಡು ಹದಿನಾರು, ಹಿಂದಿನ ಬಲಗಡೆಯದು ಹದಿನಾರು. ಎಡಗಡೆಯದಕ್ಕೆ ಮೀಟರು ಹಚ್ಚಿದೆ. ಹತ್ತು ತೋರಿಸಿತು. ಮುಳ್ಳು ತೆಗೆದ ಮೇಲೂ ಪಿನ್ನು ಹಿಂದಕ್ಕೆ ಬರದೆ ಸಿಕ್ಕು ಗಾಳಿ ಸೋರಿತ್ತು. ಬೆರಳಿನಿಂದ ಪಿನ್ನು ಅಲುಗಿಸಿದೆ, ಸೋರುವುದು ನಿಂತಿತು. ಎದ್ದು ನಿಮ್ಮಜ್ಜನ ಕಿವಿಯ ಹತ್ತಿರ, "ಇದು ಹತ್ತು ಐತ್ರಿ" ಎಂದೆ.

ಅವರು ಕಣ್ಣು ತೆರೆಯಲೇ ಇಲ್ಲ. "ಹದಿನಾರಂತೋ ಅಣ್ಣಾ" ಎಂದರು. ಪ್ರತಿ ಸಲ ಹೇಳಿ ಹೇಳಿ ಬಾಯಿಗೆ ರೂಢಿಯಾದ ಮಾತು, ತಲೆಯಲ್ಲಿ ಏನೂ ಇರಲಿಲ್ಲ.

"ಹಂ" ಎಂದು ಭಾವನವರು ಪಂಪನ್ನು ಒಳಗಿಟ್ಟು ಸ್ಟೇರಿಂಗಿನ ಕಡೆ ನಡೆದರು.

ನಾನು ನಿಮ್ಮಜ್ಜನ ಭುಜ ಅಲುಗಿಸಿದೆ. "ಹತ್ತು, ಹತ್ತು" ಎಂದೆ. ಅವರು ನನ್ನನ್ನು ನೋಡಿ, "ಅವ್ವಾ, ನೀರ ಕೊಡ" ಎಂದರು. ನನ್ನನ್ನು ತಮ್ಮ ತಾಯಿ ಎಂದುಕೊಂಡಿದ್ದರು. ಜೀಪಿನಲ್ಲಿ ನನ್ನ ಮಾತು ದಾಟಿಸಲು ಇನ್ನು ಯಾರೂ ಇರಲಿಲ್ಲ. ಆಚೆ ಕೋಣನ ತಗ್ಗು ಇತ್ತು.

"ಹದಿನಾರಲ್ರಿ" ಎಂದೆ. ನನ್ನ ದನಿ ನನಗೇ ಬೇರೆಯವರದು ಅನಿಸಿತು. "ಹತ್ತ ಐತಿ."

ಭಾವನವರು ಅಲ್ಲೇ ನಿಂತರು, ತಿರುಗಲಿಲ್ಲ. ಅವರ ಬೆನ್ನಿನ ಮೇಲೆ ಮಳೆ ಬೀಳುತ್ತಿತ್ತು.

"ಯಾವ ಗಾಲಿ?"

"ಎಡಗಡೀದ್ರಿ. ಹಿಂದಿಂದು."

ಪಂಪು ತೆಗೆದು ಹೊಡೆದರು. ನಾನು ಮೀಟರು ಹಚ್ಚಿ ಹದಿನಾರು ಎಂದೆ, ಅವರಿಗೇ. ಹೊರಟೆವು. ಕೋಣನ ತಗ್ಗಿನಲ್ಲಿ ಜೀಪು ಹಿಂದಿನಿಂದ ತೂಗಿ, ಪಕ್ಕಕ್ಕೆ ಹೊರಳಿ, ಒಂದು ಕ್ಷಣ ಎಲ್ಲ ನಿಂತಂತಾಯಿತು. ಎಂಜಿನ್ನಿನ ದನಿ ಬಿಟ್ಟು ಬೇರೆ ದನಿ ಇಲ್ಲ. ಭಾವನವರು ಎಕ್ಸಿಲರೇಟರ್ ಒತ್ತಲೂ ಇಲ್ಲ, ಬಿಡಲೂ ಇಲ್ಲ. ಆಮೇಲೆ ಅದು ಒಂದೊಂದೇ ಮೊಳ ಸರಿದು ಆಚೆ ಬಿತ್ತು.

ಡಾಂಬರಿಗೆ ಬಂದು ಗಾಳಿ ತುಂಬುವಾಗ ಭಾವನವರು ಹಿಂದಿನ ಎಡ ಗಾಲಿಯ ಕೆಸರು ಒರೆಸಿದರು. ಸುಣ್ಣದ ಗೆರೆ ಮುರಿದಿತ್ತು, ಎರಡು ಬೆರಳಿನಷ್ಟು. ಹದಿನಾರಿದ್ದೂ ಅಷ್ಟು ಜಾರಿತ್ತು. ಹತ್ತಿದ್ದರೆ ವಾಲ್ ಹರಿದು ನಾವು ತಗ್ಗಿನ ನಡುವೆ ಕುಳಿತಿರುತ್ತಿದ್ದೆವು, ನಿಮ್ಮಜ್ಜ ಆ ಜೋಳದ ಚೀಲದಂತೆ ತಲೆ ಒಲೆಯುತ್ತ. ಭಾವನವರು ಆ ಗೆರೆ ಒರೆಸಿ ಹೊಸದಾಗಿ ಸುಣ್ಣ ಎಳೆದರು. ಆಮೇಲೆ ನನ್ನ ಕಡೆ ನೋಡದೆ, "ಇನ್ನ ಮ್ಯಾಲ ನನಗ ಹೇಳು ತಂಗೀ. ಅವಗ ಬ್ಯಾಡ" ಎಂದರು.

ಅಂದು ಸಂಜೆ ರಕ್ತ ತೊಳೆದಾದ ಮೇಲೆ ನಿಮ್ಮಜ್ಜನಿಗೆ ತಿಳಿವು ಬಂತು. ನಡೆದದ್ದನ್ನು ಅಣ್ಣನ ಬಾಯಿಂದ ಕೇಳಿ ನನ್ನನ್ನು ಕರೆದು, "ಏನಬೇ, ನನ್ನ ನೌಕರಿ ತಗದೆಂತಲ್ಲ?" ಎಂದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಅಲ್ಲಿಂದ ಮುಂದೆ ಭಾವನವರು ನನಗೆ ಎಲ್ಲ ಕಲಿಸಿದರು. ಗಾಳಿ ಬಿಡುವುದು, ತುಂಬುವುದು, ಕೆಸರಿನ ಬಣ್ಣ ನೋಡಿ ಆಳ ಹೇಳುವುದು. ಹೆಚ್ಚು ಮಾತಿನವರಲ್ಲ. ತಪ್ಪಿದರೆ, "ಮತ್ತ ನೋಡು" ಎನ್ನುವರು, ಸರಿಯಾದರೆ ಏನೂ ಅನ್ನರು. ಆ ಮಳೆಗಾಲ ದಾಟಿತು, ಇನ್ನೊಂದೂ ದಾಟಿತು. ಅಷ್ಟರಲ್ಲಿ ನಿಮ್ಮಲ್ಲಿ ಸಣ್ಣವನು ಹುಟ್ಟಿದ. ನಿಮ್ಮಜ್ಜ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಎಮ್ಮೆಗಳ ಹೆಸರು ಹೇಳಿಕೊಟ್ಟರು. ಅವರು ಹೋದದ್ದು ಬೇಸಿಗೆಯಲ್ಲಿ. ಹಾದಿ ಕಲ್ಲಿನಂತೆ ಗಟ್ಟಿಯಾಗಿತ್ತು, ಆಕಾಶದಲ್ಲಿ ಅಂಗೈಯಷ್ಟು ಮೋಡವಿರಲಿಲ್ಲ, ಹಿಂದಿನ ದಿನವೇ ರಕ್ತ ತೊಳೆಸಿಕೊಂಡು ಬಂದಿದ್ದರು. ಬೆಳಿಗ್ಗೆ ಚಹಾ ಕೊಡಲು ಹೋದೆ, ಮೈ ತಣ್ಣಗಿತ್ತು. ನಾವು ಕಾಯುತ್ತಿದ್ದ ಬಾಗಿಲಿನಿಂದ ಸಾವು ಬರಲಿಲ್ಲ.

ಭಾವನವರು ಆಮೇಲೂ ಪ್ರತಿ ಮಂಗಳವಾರ, ಶುಕ್ರವಾರ ಟೈರು ಒತ್ತಿ ನೋಡುತ್ತಿದ್ದರು. ಹೋಗುವ ಜಾಗ ಇರಲಿಲ್ಲ.

ಅದೇ ವರ್ಷ ಹಿಂಗಾರು ಜೋರಾಯಿತು. ದಸರೆಗೆ ಶಾಲೆ ಸೂಟಿ ಇದ್ದುದರಿಂದ ನಿಮ್ಮಪ್ಪ ಒಬ್ಬನೇ ಹೊಲಕ್ಕೆ ಬಂದಿದ್ದ. ಎರಡು ದಿನದಿಂದ ಕರೆಂಟು ಇರಲಿಲ್ಲ, ಫೋನುಗಳು ಸತ್ತಿದ್ದವು. ಬೆಳಿಗ್ಗೆ ಹಾಲು ಹಿಂಡುವ ಹೊತ್ತಿಗೆ ಭಾವನವರು ಕೊಟ್ಟಿಗೆಯ ಕಂಬ ಹಿಡಿದು ಕುಳಿತರು. ಮುಖ ಬೂದಿಯಂತಾಗಿತ್ತು, ಮಳೆಯ ಚಳಿಯಲ್ಲೂ ಬೆವರುತ್ತಿದ್ದರು.

"ಎದಿಮ್ಯಾಲ ಎಮ್ಮಿ ನಿಂತಂಗ ಆಗೇತಿ" ಎಂದರು.

ನಿಮ್ಮಪ್ಪನಿಗೆ ಜೀಪು ಓಡಿಸಲು ಅವರೇ ಕಲಿಸಿದ್ದರು, ಒಣ ಹಾದಿಯಲ್ಲಿ. ಕೆಸರಿನಲ್ಲಿ ಅವನು ಎಂದೂ ಓಡಿಸಿರಲಿಲ್ಲ. ಭಾವನವರನ್ನು ನಿಮ್ಮಜ್ಜನ ಜಾಗದಲ್ಲಿ ಕೂರಿಸಿದೆವು. ನಾನು ನಾಲ್ಕೂ ಗಾಲಿಗಳ ಗಾಳಿ ಇಳಿಸಿದೆ. ಕೋಣನ ತಗ್ಗಿನಲ್ಲಿ ಭಾವನವರು ಕಣ್ಣು ಮುಚ್ಚಿಕೊಂಡೇ, "ಒತ್ತಬ್ಯಾಡ... ಬಿಡಬ್ಯಾಡ... ಹಂಗ ಹಿಡಿ" ಎನ್ನುತ್ತ ಹೋದರು. ದಾಟಿದೆವು. ಡಾಂಬರು ಕಂಡಾಗ ನಿಮ್ಮಪ್ಪ ಸೀದಾ ಹತ್ತಿಸಿ ಓಡಿಸುವುದರಲ್ಲಿದ್ದ.

"ನಿಲ್ಲಸು" ಎಂದರು ಭಾವನವರು. "ಗಾಳಿ."

"ದೊಡ್ಡಪ್ಪಾ, ಗಾಳಿ ಹಾಳಾಗಿ ಹೋಗಲಿ! ನಿಮ್ಮ ಮುಖ ನೋಡ್ರಿ ಹೆಂಗಾಗೇತಿ!"

"ನನ್ನ ಮುಖ ನನಗ ಬಿಡೋ. ನಿನ್ನ ಕೈ ನೋಡ್ಕೋ."

ಅವನ ಕೈಗಳು ಸ್ಟೇರಿಂಗಿನ ಮೇಲೆ ಎಲೆಯಂತೆ ನಡುಗುತ್ತಿದ್ದವು. ಮೆಲ್ಲಗೆ ಹೋಗು ಎಂದರೆ ಅವನು ಮೆಲ್ಲಗೆ ಹೋಗುವ ಸ್ಥಿತಿಯಲ್ಲಿ ಇರಲಿಲ್ಲ. ಭಾವನವರು ನನ್ನ ಕಡೆ ತಿರುಗಿದರು, ಮೊದಲ ಸಲ ನೇರವಾಗಿ ನನ್ನ ಮುಖ ನೋಡಿದರು.

"ತಂಗೀ, ತುಂಬಸು. ಮುಂದಿನವು ಮೊದಲ."

ನಿಮ್ಮಪ್ಪ ಅಳುತ್ತ ಪಂಪು ತುಳಿದ, ನಾನು ಮೀಟರು ಹಿಡಿದೆ. ಒಂದು ಗಾಲಿ ಮುಗಿದಾಗ ಒಳಗಿನಿಂದ, "ಎಷ್ಟಾತು?" ಎಂದರು. ಇಪ್ಪತ್ತೆಂಟು ಎಂದೆ. ಎರಡನೆಯದಕ್ಕೂ ಕೇಳಿದರು. ಮೂರನೆಯದಕ್ಕೆ ತುಟಿ ಮಾತ್ರ ಆಡಿತು. ನಾಲ್ಕನೆಯದಕ್ಕೆ ಕೇಳಲಿಲ್ಲ, ಆದರೆ ನೋಡುತ್ತಿದ್ದರು. ನಾನೇ ಹೇಳಿದೆ. ಕಣ್ಣು ಮುಚ್ಚಿದರು.

ನಿಮ್ಮಪ್ಪ ಜೀಪನ್ನು ಹೇಗೆ ಓಡಿಸಿದನೋ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಊರು ದಾಟಿದ ಮೇಲಿನ ತಿರುವಿನಲ್ಲಿ ಎದುರಿಗೆ ಲಾರಿ ಬಂತು. ಅವನು ಒಮ್ಮೆಲೇ ಎಳೆದ. ಜೀಪು ಒಂದು ಮಗ್ಗುಲಿಗೆ ವಾಲಿ, ಎರಡು ಗಾಲಿಗಳು ರಸ್ತೆಯ ಅಂಚಿನ ಕೆಸರಿಗಿಳಿದು, ಟೈರುಗಳು ಕೀರಿಟ್ಟವು. ರಿಮ್ಮಿನಿಂದ ಕಳಚಲಿಲ್ಲ. ಜೀಪು ಮತ್ತೆ ರಸ್ತೆಗೆ ಬಂತು. ಲಾರಿಯವನು ಬೈಯುತ್ತ ಹೋದ. ಭಾವನವರ ತಲೆ ನನ್ನ ಭುಜಕ್ಕೆ ಬಂದು ಬಿದ್ದಿತ್ತು. ಸೆರಗು ಎಲ್ಲಿತ್ತೋ ನನಗೆ ಎಚ್ಚರವಿರಲಿಲ್ಲ. ನಾಡಿ ನೋಡಲೆಂದು ಅವರ ಕೈ ಹಿಡಿದು ಕುಳಿತೆ, ಧಾರವಾಡದವರೆಗೆ ಹಾಗೇ ಹಿಡಿದಿದ್ದೆ.

ಭಾವನವರು ಉಳಿಯಲಿಲ್ಲ. ದವಾಖಾನೆಯಲ್ಲಿ, "ಸ್ವಲ್ಪ ಮೊದಲ ತಂದಿದ್ರ..." ಎಂದು ಯಾರೋ ಒಂದು ಮಾತು ಅಂದರು. ಹೇಳಿದವರಿಗೆ ಅದು ದಿನದ ಮಾತು. ನಿಮ್ಮಪ್ಪ ಅದನ್ನು ಕೇಳಿಸಿಕೊಂಡ. ಗಾಳಿ ತುಂಬುತ್ತ ನಿಂತ ಹೊತ್ತನ್ನು ಅವನು ಇವತ್ತಿಗೂ ಲೆಕ್ಕ ಹಾಕುತ್ತಾನೆ, ಊಟಕ್ಕೆ ಕುಳಿತಾಗಲೂ ಹಾಕುತ್ತಾನೆ. ನಾನು ಆ ತಿರುವನ್ನು ಲೆಕ್ಕ ಹಾಕುತ್ತೇನೆ. ಹದಿನಾರರ ಗಾಳಿಯಲ್ಲಿ, ಆ ಓಟದಲ್ಲಿ, ಆ ಕೈಗಳಲ್ಲಿ, ಆ ಲಾರಿಯ ಮುಂದೆ ಏನಾಗುತ್ತಿತ್ತು ಎಂದು ನನಗೆ ಗೊತ್ತು. ಭಾವನವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ತಾವು ಉಳಿಯುವುದಿಲ್ಲ ಎಂದು ಅವರಿಗೆ ತಿಳಿದಿತ್ತೋ ಇಲ್ಲವೋ, ನಾನು ಹೇಳಲಾರೆ. ಉಳಿಯುವ ಆಸೆ ಅವರಿಗೂ ಇದ್ದಿರಬೇಕು. ಆದರೂ ತಮಗೆ ಬೇಕಾಗಿದ್ದ ಆ ಹೊತ್ತನ್ನು ಅವರು ನಿಮ್ಮಪ್ಪ ಉಳಿಯಲಿ ಎಂದು ನಾಲ್ಕು ಟೈರುಗಳಿಗೆ ಹಾಕಿಸಿದರು.

ನಿಮ್ಮಪ್ಪ ಇವತ್ತು ಶಾಲೆಗೆ ಹೋಗಿದ್ದಾನೆ. ಸಂಜೆ ಮನೆಗೆ ಬರುತ್ತಾನೆ.